ಹಂದಿ ಮೊದಲೋ, ಮನೆ ಮೊದಲೋ: ‘ಬೇಸಾಯದ ಹಕ್ಕಿನ’ ಕಾನೂನುಗಳ ಒಳಗುಟ್ಟು

ಅಮೆರಿಕದ ಉತ್ತರ ಕೆರೊಲಿನಾದಲ್ಲಿ 2018ರ ಆಗಸ್ಟ್‌ನಲ್ಲಿ ಫೆಡರಲ್ (ಕೇಂದ್ರದ) ಕೋರ್ಟಿನ ಜ್ಯೂರಿಯೊಂದು, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರ ತಂಡ, ತೀರ್ಪು ಕೊಟ್ಟಿತು. ಹಂದಿ ಫಾರಂ ಪಕ್ಕ ವಾಸವಾಗಿದ್ದ ಆರು ಮಂದಿಗೆ ಹಂದಿಗಳ ಒಡೆಯನಾದ ಕಂಪನಿ 47.35 ಕೋಟಿ ಡಾಲರ್ ಕೊಡಬೇಕು ಎಂದಿತು. ದೂರು ಇಷ್ಟೇ: ಗಬ್ಬು ವಾಸನೆ, ನೊಣ, ರಾತ್ರಿ ಹೊತ್ತು ಓಡಾಡುವ ಲಾರಿಗಳು. ಇದಕ್ಕೆ ತಿಂಗಳ ಹಿಂದಷ್ಟೇ ಅದೇ ರಾಜ್ಯದ ಶಾಸನಸಭೆ, ಇಂಥ ಮೊಕದ್ದಮೆಯನ್ನು ಇನ್ನು ಮುಂದೆ ಯಾರೂ ಸುಲಭಕ್ಕೆ ಹೂಡಲಾಗದಂತೆ ಕಾನೂನು ತಿದ್ದಿ ಕೂತಿತ್ತು.

ಫ್ರಾನ್ಸಿನಲ್ಲಿ ಕಥೆ ಇನ್ನೂ ಸೊಟ್ಟ. 2019ರಲ್ಲಿ ಒಲೆರಾನ್ ದ್ವೀಪದ ಮೌರೀಸ್ ಎಂಬ ಹುಂಜ ಬೆಳಗಿನ ಜಾವ ಕೂಗುತ್ತದೆಂದು ನೆರೆಯವರು ಕೋರ್ಟಿಗೆ ಹೋದರು, ಹುಂಜ ಗೆದ್ದಿತು. 2023ರ ಡಿಸೆಂಬರ್‌ನಲ್ಲಿ ಅದೇ ದೇಶದ ಅತ್ಯುನ್ನತ ಸಿವಿಲ್ ಕೋರ್ಟು, ದನಗಳ ಸದ್ದು ಮತ್ತು ವಾಸನೆಗಾಗಿ ರೈತನೊಬ್ಬ ನೆರೆಯವರಿಗೆ ಲಕ್ಷ ಯೂರೋಗೂ ಮೀರಿದ ಪರಿಹಾರ ಕೊಡಬೇಕೆಂಬ ತೀರ್ಪನ್ನು ಎತ್ತಿಹಿಡಿಯಿತು. ನಾಲ್ಕೇ ತಿಂಗಳಲ್ಲಿ, 2024ರ ಏಪ್ರಿಲ್‌ನಲ್ಲಿ, ರೈತರನ್ನು ಕಾಪಾಡುವ ಹೊಸ ಕಾನೂನೂ ಬಂತು.

ಇಂಥ ಸುದ್ದಿಗಳು ಬಿಡಿಬಿಡಿಯಾಗಿ ಮೊಬೈಲಿಗೆ ಬಂದು ಬೀಳುವಾಗ ರೈತ ಗೆದ್ದನೋ ಸೋತನೋ ತಿಳಿಯುವುದಿಲ್ಲ. ‘ರೈಟ್ ಟು ಫಾರ್ಮ್’, ಅಂದರೆ ಬೇಸಾಯ ಮಾಡುವ ಹಕ್ಕು, ಎಂಬ ಹೆಸರು ಕೇಳಿದರೆ ಅದನ್ನು ಬೇಡ ಎನ್ನುವವರು ಯಾರಿದ್ದಾರು ಎನಿಸುತ್ತದೆ. ಅಲ್ಲೇ ತೊಡಕು. ಈ ಕಾನೂನುಗಳು ಹುಟ್ಟಿದ್ದು ‘ಮೊದಲು ಬಂದವರು ಯಾರು’ ಎಂಬ ಪ್ರಶ್ನೆಗೆ ಉತ್ತರವಾಗಿ. ಇವತ್ತಿನ ಜಗಳವೋ, ಬಂದ ಮೇಲೆ ಎಷ್ಟು ಬೆಳೆದರು ಎಂಬುದರ ಸುತ್ತ ನಡೆಯುತ್ತಿದೆ.

ದನದ ಕೊಟ್ಟಿಗೆಯೂ ನಿವೃತ್ತರ ಬಡಾವಣೆಯೂ

ಇಂಗ್ಲಿಷ್ ಪದ್ಧತಿಯ ಕಾನೂನಿನಲ್ಲಿ ‘ನ್ಯೂಸೆನ್ಸ್’ ಹಳೆಯ ಮಾತು. ನನ್ನ ಜಮೀನಿನಲ್ಲಿ ನಾನೇನು ಬೇಕಾದರೂ ಮಾಡಬಹುದು, ಆದರೆ ನೆರೆಯವನು ತನ್ನ ಮನೆಯಲ್ಲಿ ನೆಮ್ಮದಿಯಾಗಿ ಇರಲಾಗದಂತೆ ಮಾಡಬಾರದು. ಕನ್ನಡದ ಕಾನೂನು ಭಾಷೆಯಲ್ಲಿ ಇದಕ್ಕೆ ‘ಉಪದ್ರವ’ ಎನ್ನುತ್ತಾರೆ, ಪದ ಹೊಂದುತ್ತದೆ. ಉಪದ್ರವ ಎಂದು ಸಾಬೀತಾದರೆ ಕೋರ್ಟು ಪರಿಹಾರ ಕೊಡಿಸಬಹುದು, ಕೆಲಸವನ್ನೇ ನಿಲ್ಲಿಸಬಹುದು.

ಆದರೆ ಉಪದ್ರವ ಇದ್ದ ಕಡೆಗೇ ಬಂದು ಮನೆ ಕಟ್ಟಿಕೊಂಡವನು ದೂರಿದರೆ? ಇದಕ್ಕೆ ಅಮೆರಿಕದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಒಂದು ಪ್ರಕರಣವಿದೆ. ಅರಿಝೋನಾದ ಫೀನಿಕ್ಸ್ ನಗರದ ಹೊರಗೆ ಸ್ಪರ್ ಎಂಬ ಕಂಪನಿಯ ದನ ಕೊಬ್ಬಿಸುವ ದೊಡ್ಡಿ ಇತ್ತು. ಆ ಜಾಗದಲ್ಲಿ ದೊಡ್ಡಿಗಳು ಶುರುವಾದದ್ದು 1956ರಲ್ಲಿ. 1959ರಲ್ಲಿ ಡೆಲ್ ವೆಬ್ ಎಂಬ ಬಿಲ್ಡರ್ ಅಗ್ಗದ ಭೂಮಿ ನೋಡಿ ನಿವೃತ್ತರಿಗಾಗಿ ಸನ್ ಸಿಟಿ ಎಂಬ ಊರನ್ನೇ ಕಟ್ಟಲು ಹೊರಟ. ಊರು ದೊಡ್ಡಿಯ ಕಡೆಗೆ ಬೆಳೆಯಿತು, ದೊಡ್ಡಿ ಊರಿನ ಕಡೆಗೆ ಬೆಳೆಯಿತು. ಕೊನೆಗೆ ಇಪ್ಪತ್ತು ಮೂವತ್ತು ಸಾವಿರ ದನಗಳು, ದಿನಕ್ಕೆ ಸುಮಾರು 450 ಟನ್ ಹಸಿ ಸಗಣಿ, ಐನೂರು ಅಡಿ ಆಚೆಗೆ ವರಾಂಡದಲ್ಲಿ ಕಾಫಿ ಕುಡಿಯಬೇಕೆಂದು ಮನೆ ಕೊಂಡ ಮುದುಕರು.

1972ರಲ್ಲಿ ಅರಿಝೋನಾದ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ದೊಡ್ಡಿ ಅಲ್ಲಿಂದ ಎದ್ದು ಹೋಗಬೇಕು, ಯಾಕೆಂದರೆ ಅಲ್ಲಿ ಈಗ ವಾಸವಿರುವ ಜನರ ಆರೋಗ್ಯದ ಪ್ರಶ್ನೆ. ಎದ್ದುಹೋಗುವ ಖರ್ಚನ್ನು ಬಿಲ್ಡರ್ ಕೊಡಬೇಕು, ಯಾಕೆಂದರೆ ಜನರನ್ನು ದೊಡ್ಡಿಯ ಬಾಗಿಲಿಗೆ ತಂದು ಕೂರಿಸಿ ಲಾಭ ಮಾಡಿದವನು ಅವನು. ಬಹಳ ಚಂದದ ತೀರ್ಪು. ಆದರೆ ರೈತರಿಗೆ ಅದರ ಎರಡನೇ ಅರ್ಧಕ್ಕಿಂತ ಮೊದಲ ಅರ್ಧವೇ ಕಿವಿಗೆ ಬಿತ್ತು: ನೀನು ಮೊದಲೇ ಇದ್ದರೂ, ಹೊಸಬರು ಸಾಕಷ್ಟು ಸಂಖ್ಯೆಯಲ್ಲಿ ಬಂದರೆ, ನೀನು ಹೊರಡಬೇಕು.

ಒಂದು ವರ್ಷದ ಗಡುವು

ಎಪ್ಪತ್ತರ ದಶಕದ ಅಮೆರಿಕದಲ್ಲಿ ಈ ಭಯಕ್ಕೆ ಆಧಾರವಿತ್ತು. ನಗರಗಳು ಹೊಲಗಳ ಮೇಲೆ ಹರಡುತ್ತಿದ್ದವು. ಹೊಸ ಬಡಾವಣೆಯವರಿಗೆ ಹಸಿರು ಹೊಲದ ನೋಟ ಬೇಕು, ಗೊಬ್ಬರದ ವಾಸನೆ ಬೇಡ. ಕೊಯ್ಲಿನ ಚಿತ್ರ ಬೇಕು, ರಾತ್ರಿ ಎರಡು ಗಂಟೆಗೆ ಓಡುವ ಕೊಯ್ಲಿನ ಯಂತ್ರ ಬೇಡ. ಗೆದ್ದರೂ ವಕೀಲರ ಫೀಸಿಗೇ ಹೊಲ ಮಾರಬೇಕಾದ ಸ್ಥಿತಿ ಸಣ್ಣ ರೈತರದ್ದು.

ಉತ್ತರ ಕೆರೊಲಿನಾ 1979ರಲ್ಲಿ ಕಾನೂನು ಮಾಡಿತು. ಶುರುವಾದಾಗ ಉಪದ್ರವ ಆಗಿರದ, ಒಂದು ವರ್ಷಕ್ಕೂ ಹೆಚ್ಚು ನಡೆದ ಬೇಸಾಯವನ್ನು, ಸುತ್ತಲಿನ ಪರಿಸ್ಥಿತಿ ಬದಲಾಯಿತು ಎಂಬ ಕಾರಣಕ್ಕೆ ಉಪದ್ರವ ಎನ್ನುವಂತಿಲ್ಲ. ಇದೇ ಬಗೆಯ ಕಾನೂನು ಇವತ್ತು ಐವತ್ತೂ ರಾಜ್ಯಗಳಲ್ಲಿದೆ. ನಾರ್ತ್ ಡಕೋಟಾ 2012ರಲ್ಲಿ, ಮಿಸ್ಸೋರಿ 2014ರಲ್ಲಿ ಅದನ್ನು ರಾಜ್ಯ ಸಂವಿಧಾನಕ್ಕೇ ಸೇರಿಸಿದವು. ಮಿಸ್ಸೋರಿಯಲ್ಲಿ ಸುಮಾರು ಹತ್ತು ಲಕ್ಷ ಮತಗಳಲ್ಲಿ ಗೆಲುವಿನ ಅಂತರ ಎರಡೂವರೆ ಸಾವಿರವೂ ಇರಲಿಲ್ಲ. ಓಕ್ಲಹೋಮಾದ ಮತದಾರರು 2016ರಲ್ಲಿ ಬೇಡ ಎಂದರು.

1979ರ ವಾಕ್ಯವನ್ನು ಇನ್ನೊಮ್ಮೆ ಓದಬೇಕು. ‘ಸುತ್ತಲಿನ ಪರಿಸ್ಥಿತಿ ಬದಲಾಯಿತು ಎಂಬ ಕಾರಣಕ್ಕೆ.’ ಅಂದರೆ ಊರು ಬಂದು ಹೊಲಕ್ಕೆ ತಾಗಿದರೆ ರೈತನಿಗೆ ರಕ್ಷಣೆ. ಹೊಲವೇ ಬೇರೇನೋ ಆಗಿ ಊರಿಗೆ ತಾಗಿದರೆ ಏನು ಎಂದು ಆಗ ಯಾರೂ ಹೆಚ್ಚು ಯೋಚಿಸಿರಲಿಲ್ಲ.

ಡುಪ್ಲಿನ್ ಕೌಂಟಿಯ ಗುಂಡಿಗಳು

ಎಂಬತ್ತರ ದಶಕದ ಕೊನೆಯಿಂದ ಹತ್ತು ವರ್ಷದೊಳಗೆ ಉತ್ತರ ಕೆರೊಲಿನಾದ ಹಂದಿಗಳ ಸಂಖ್ಯೆ ಮೂರು ಪಟ್ಟಿಗೂ ಮೀರಿ ಬೆಳೆಯಿತು. ಅದೇ ಹೊತ್ತಿನಲ್ಲಿ ಹಂದಿ ಸಾಕುವವರ ಸಂಖ್ಯೆ ಕುಸಿಯಿತು. ಎರಡೂ ಒಟ್ಟಿಗೆ ಆದದ್ದು ಗುತ್ತಿಗೆ ಸಾಕಣೆಯಿಂದ. ನಮ್ಮಲ್ಲಿ ಬ್ರಾಯ್ಲರ್ ಕೋಳಿ ಸಾಕುವವರಿಗೆ ಈ ಪದ್ಧತಿ ಚೆನ್ನಾಗಿ ಗೊತ್ತು: ಮರಿ ಕಂಪನಿಯದು, ಫೀಡು ಕಂಪನಿಯದು, ಔಷಧ ಕಂಪನಿಯದು. ಶೆಡ್ಡು, ಅದರ ಮೇಲಿನ ಸಾಲ ಮತ್ತು ಹಿಕ್ಕೆ ರೈತನದು.

ಆ ರಾಜ್ಯದ ಡುಪ್ಲಿನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಹಂದಿಗಳು ಸುಮಾರು ಇಪ್ಪತ್ತು ಲಕ್ಷ. ಮನುಷ್ಯರು ಅರವತ್ತು ಸಾವಿರದ ಒಳಗೆ. ಉದ್ದನೆಯ ಶೆಡ್ಡುಗಳಲ್ಲಿ ಸೀಳುಸೀಳಾದ ನೆಲದ ಮೇಲೆ ಹಂದಿಗಳು ನಿಂತಿರುತ್ತವೆ. ಸಗಣಿ, ಗಂಜಲ ಸೀಳಿನಲ್ಲಿ ಕೆಳಗಿಳಿದು, ನೀರಿನಲ್ಲಿ ಕೊಚ್ಚಿ ಹೊರಗಿನ ತೆರೆದ ಗುಂಡಿಗೆ ಹೋಗುತ್ತದೆ. ಇದಕ್ಕೆ ಅಲ್ಲಿ ‘ಲಗೂನ್’ ಎಂಬ ಸುಂದರ ಹೆಸರು. ಒಳಗಿನ ಬ್ಯಾಕ್ಟೀರಿಯಾದಿಂದ ಎಷ್ಟೋ ಗುಂಡಿಗಳ ನೀರು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಗುಂಡಿ ತುಂಬುತ್ತ ಬಂದಾಗ ರೊಚ್ಚನ್ನು ಪಂಪಿನಿಂದ ಎತ್ತಿ, ನಮ್ಮ ಕಾಫಿ ತೋಟದ ಸ್ಪ್ರಿಂಕ್ಲರ್ ಜೆಟ್ಟಿನ ಹಾಗೆ, ಹುಲ್ಲಿನ ಹೊಲದ ಮೇಲೆ ಹಾರಿಸುತ್ತಾರೆ. ಗಾಳಿ ಬೀಸಿದ ಕಡೆ ಅದರ ಹನಿಯೂ ವಾಸನೆಯೂ ಹೋಗುತ್ತದೆ. ಹೊಸ ಲಗೂನುಗಳಿಗೆ 1997ರಲ್ಲಿ ತಡೆ ಬಂತು, 2007ರಲ್ಲಿ ಅದು ಕಾಯಂ ಆಯಿತು. ಹಳೆಯವು ಹಾಗೆಯೇ ಉಳಿದವು.

2014ರಲ್ಲಿ ಐನೂರಕ್ಕೂ ಹೆಚ್ಚು ಮಂದಿ ಫೆಡರಲ್ ಕೋರ್ಟಿಗೆ ಹೋದರು. ಹೆಚ್ಚಿನವರು ಕಪ್ಪು ಜನ. ಅಜ್ಜ ಮುತ್ತಜ್ಜರ ಕಾಲದ ತುಂಡು ಭೂಮಿಯಲ್ಲಿ ಮನೆ ಕಟ್ಟಿಕೊಂಡವರು. ಅವರು ದಾವೆ ಹೂಡಿದ್ದು ನೆರೆಯ ರೈತರ ಮೇಲಲ್ಲ, ಹಂದಿಗಳ ಒಡೆಯನಾದ ಮರ್ಫಿ-ಬ್ರೌನ್ ಕಂಪನಿಯ ಮೇಲೆ. ಅದು ಹಂದಿ ಮಾಂಸದ ದೊಡ್ಡ ಕಂಪನಿ ಸ್ಮಿತ್‌ಫೀಲ್ಡ್‌ನ ಅಂಗಸಂಸ್ಥೆ. ಸ್ಮಿತ್‌ಫೀಲ್ಡನ್ನು 2013ರಲ್ಲಿ ಚೀನಾದ ಕಂಪನಿಯೊಂದು ಕೊಂಡಿತ್ತು.

ಕಂಪನಿ ಬೇಸಾಯದ ಹಕ್ಕಿನ ಕಾನೂನನ್ನು ಮುಂದಿಟ್ಟಿತು. ನ್ಯಾಯಾಧೀಶ ಅರ್ಲ್ ಬ್ರಿಟ್ ಒಪ್ಪಲಿಲ್ಲ. ಕಾನೂನು ರಕ್ಷಿಸುವುದು ಸುತ್ತಲ ಪರಿಸ್ಥಿತಿ ಬದಲಾದಾಗ. ಇಲ್ಲಿ ಮನೆಗಳು ಮೊದಲೇ ಇದ್ದವು, ಹಂದಿಗಳು ಆಮೇಲೆ ಬಂದವು. ಹೊಲ ಕಾಯಬೇಕಿದ್ದ ಕಾನೂನಿನ ತರ್ಕವೇ ಇಲ್ಲಿ ಮನೆಯವರ ಪರ ನಿಂತಿತು.

ಐದು ಕೋಟಿ ಡಾಲರ್, ಮೂವತ್ತೆರಡೂವರೆ ಲಕ್ಷಕ್ಕೆ ಇಳಿದ ಬಗೆ

ಪತ್ರಿಕೆಗಳಲ್ಲಿ ಓದುಗರನ್ನು ಹೆಚ್ಚು ದಾರಿ ತಪ್ಪಿಸಿದ್ದು ಈ ಪರಿಹಾರದ ಮೊತ್ತಗಳು. 2018ರ ಏಪ್ರಿಲ್‌ನ ಮೊದಲ ತೀರ್ಪಿನಲ್ಲಿ ಹತ್ತು ಮಂದಿಗೆ 5 ಕೋಟಿ 7.5 ಲಕ್ಷ ಡಾಲರ್. ಅದರಲ್ಲಿ ನಿಜವಾದ ನಷ್ಟಕ್ಕೆಂದು ಜ್ಯೂರಿ ಕೊಟ್ಟದ್ದು ತಲೆಗೆ 75,000 ಡಾಲರ್ ಮಾತ್ರ; ಉಳಿದದ್ದೆಲ್ಲ ಕಂಪನಿಗೆ ಬುದ್ಧಿ ಕಲಿಸಲು ಹಾಕಿದ ದಂಡ. ಆ ರಾಜ್ಯದಲ್ಲಿ ಇಂಥ ದಂಡಕ್ಕೆ ಮಿತಿಯಿದೆ: ನಷ್ಟದ ಮೂರು ಪಟ್ಟು ಅಥವಾ ಎರಡೂವರೆ ಲಕ್ಷ ಡಾಲರ್, ಯಾವುದು ಹೆಚ್ಚೋ ಅದು. ಹಾಗಾಗಿ ತಲೆಗೆ 75,000 ಮತ್ತು 2,50,000 ಸೇರಿ 3,25,000. ಹತ್ತು ಮಂದಿಗೆ 32.5 ಲಕ್ಷ. ಆಗಸ್ಟ್‌ನ 47.35 ಕೋಟಿ 9.4 ಕೋಟಿ ಆದದ್ದೂ ಇದೇ ಲೆಕ್ಕದಲ್ಲಿ: ನಷ್ಟ 2.35 ಕೋಟಿ, ಅದರ ಮೂರು ಪಟ್ಟು ದಂಡ.

ಜ್ಯೂರಿಗೆ ಈ ಮಿತಿಯನ್ನು ಹೇಳುವುದಿಲ್ಲ. ಅವರು ಮನಸ್ಸಿಗೆ ಬಂದದ್ದು ಬರೆಯುತ್ತಾರೆ, ನ್ಯಾಯಾಧೀಶರು ಕತ್ತರಿಸುತ್ತಾರೆ. ಸುದ್ದಿಯಾಗುವುದು ಮೊದಲನೆಯದು. ರಾಜಕೀಯಕ್ಕೆ ಒದಗಿದ್ದೂ ಮೊದಲನೆಯದೇ.

ಶಾಸನಸಭೆಯ ಕತ್ತರಿ

ಫೆಡರಲ್ ಕೋರ್ಟಿನ ಮೊಕದ್ದಮೆಗೆ ಮೊದಲೇ ಶಾಸಕರು ಕೆಲಸ ಶುರು ಮಾಡಿದ್ದರು. ಒಡೆತನ ಬದಲಾದರೂ, ಗಾತ್ರ ಬದಲಾದರೂ, ಹೊಸ ತಂತ್ರಜ್ಞಾನ ತಂದರೂ, ಬೆಳೆಯುವ ವಸ್ತುವೇ ಬದಲಾದರೂ ಅದು ಫಾರಂನಲ್ಲಿ ಆದ ‘ಮೂಲಭೂತ ಬದಲಾವಣೆ’ ಅಲ್ಲ ಎಂದು 2013ರಲ್ಲೇ ತಿದ್ದುಪಡಿ ಆಗಿತ್ತು. 2017ರಲ್ಲಿ ಪರಿಹಾರವನ್ನು ಆಸ್ತಿಯ ಬೆಲೆ ಅಥವಾ ಬಾಡಿಗೆ ಎಷ್ಟು ಕುಸಿಯಿತೋ ಅಷ್ಟಕ್ಕೇ ಕಟ್ಟಿಹಾಕಿದರು. 2018ರಲ್ಲಿ ಬ್ರಿಟ್ ಆಧರಿಸಿದ್ದ ಆ ಹಳೆಯ ಮಾತನ್ನೇ ಕಿತ್ತುಹಾಕಿದರು. ಈಗ ಫಾರಂ ಶುರುವಾದ ಅಥವಾ ಮೂಲಭೂತವಾಗಿ ಬದಲಾದ ಒಂದು ವರ್ಷದೊಳಗೆ, ಅರ್ಧ ಮೈಲಿಯ ಒಳಗಿನ ಆಸ್ತಿಯನ್ನು ಕಾನೂನುಬದ್ಧವಾಗಿ ಸ್ವಾಧೀನದಲ್ಲಿಟ್ಟುಕೊಂಡವರು ಮಾತ್ರ ದಾವೆ ಹೂಡಬಹುದು. 2017, 2018 ಎರಡೂ ಸಲ ಗವರ್ನರ್ ರಾಯ್ ಕೂಪರ್ ತಡೆದರು (ಅಲ್ಲಿ ಅವರು ಜನರಿಂದ ಆಯ್ಕೆಯಾದವರು, ನಮ್ಮ ರಾಜ್ಯಪಾಲರ ಹಾಗಲ್ಲ). ಎರಡೂ ಸಲ ಸಭೆ ಅವರ ತಡೆಯನ್ನು ಮೀರಿತು.

2013ರದ್ದನ್ನೂ 2018ರದ್ದನ್ನೂ ಜೋಡಿಸಿ ಓದಿ. ಗಾತ್ರ ಹೆಚ್ಚಿದರೆ ಅದು ಮೂಲಭೂತ ಬದಲಾವಣೆಯಲ್ಲ. ಮೂಲಭೂತ ಬದಲಾವಣೆ ಆಗದಿದ್ದರೆ ಗಡುವು ಮತ್ತೆ ಶುರುವಾಗುವುದಿಲ್ಲ. ಐವತ್ತು ಹಂದಿಯಿಂದ ಶುರುವಾದ ಫಾರಂ ಐದು ಸಾವಿರ ಹಂದಿಗೆ ಬೆಳೆದರೂ, ಮೊದಲ ವರ್ಷ ಸುಮ್ಮನಿದ್ದ ನೆರೆಯವನು ಕೊನೆಯವರೆಗೂ ಸುಮ್ಮನಿರಬೇಕು. ಐವತ್ತು ಹಂದಿ ಇದ್ದಾಗ ಅವನಿಗೆ ದೂರಲು ಏನೂ ಇರಲಿಲ್ಲ ಎಂಬುದು ಬೇರೆ ಮಾತು.

ರೈತರ ಪಕ್ಷವನ್ನು ಹಗುರವಾಗಿ ತಳ್ಳಿಹಾಕಲಾಗದು. ಸರ್ಕಾರ ಕೊಟ್ಟ ಪರವಾನಗಿಯ ಪ್ರಕಾರ, ಸರ್ಕಾರ ಒಪ್ಪಿದ ವಿನ್ಯಾಸದ ಗುಂಡಿಯನ್ನು ಲಕ್ಷಾಂತರ ಡಾಲರ್ ಸಾಲ ತೆಗೆದು ಕಟ್ಟಿದವರು ಅವರು. ದಾವೆ ಕಂಪನಿಯ ಮೇಲಿದ್ದರೂ ಪೆಟ್ಟು ಬೀಳುವುದು ಅವರ ಮೇಲೆ. ಕಂಪನಿ ಹಂದಿ ಕಳಿಸುವುದನ್ನು ನಿಲ್ಲಿಸಿದರೆ ಶೆಡ್ಡು ಖಾಲಿಯಾಗುತ್ತದೆ, ಸಾಲ ಖಾಲಿಯಾಗುವುದಿಲ್ಲ. ನಿಯಮ ಪಾಲಿಸಿದವನನ್ನೂ ಶಿಕ್ಷಿಸುವುದಾದರೆ ನಿಯಮವೇಕೆ ಎಂದು ಅವರು ಕೇಳಿದ್ದರಲ್ಲಿ ಹುರುಳಿದೆ. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ಗುಂಡಿಗಳ ನಿಯಮವನ್ನು ತಿದ್ದುವುದಾಗಿತ್ತು. ತಿದ್ದಿದ್ದು ನೆರೆಯವನ ಬಾಯಿಯನ್ನು.

2020ರ ನವೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಮೊದಲ ತೀರ್ಪಿನಲ್ಲಿ ಕಂಪನಿಯ ಹೊಣೆಯನ್ನು ಎತ್ತಿಹಿಡಿಯಿತು. ಸಂಪ್ರದಾಯವಾದಿ ಎಂದೇ ಹೆಸರಾದ ನ್ಯಾಯಾಧೀಶ ಹಾರ್ವಿ ವಿಲ್ಕಿನ್ಸನ್ ಪ್ರತ್ಯೇಕವಾಗಿ ಬರೆದು, ಈ ನೆರೆಯವರು ಹಣವಂತರೋ ರಾಜಕೀಯ ಬಲದವರೋ ಆಗಿದ್ದರೆ ಪರಿಸ್ಥಿತಿ ಇಷ್ಟು ಕಾಲ ಹೀಗೆ ಉಳಿಯುತ್ತಿರಲಿಲ್ಲ ಎಂಬರ್ಥದ ಮಾತು ಹೇಳಿದರು. ಅದರ ಬೆನ್ನಿಗೇ ಕಂಪನಿ ರಾಜಿ ಘೋಷಿಸಿತು. ಹಾಗಾದರೆ ಗೆದ್ದವರು ಯಾರು? ಹಳೆಯ ದಾವೆಗಳಲ್ಲಿ ನೆರೆಯವರು, ಮುಂದಿನ ದಾವೆಗಳಲ್ಲಿ ಕಂಪನಿ. ಎರಡೂ ನಿಜ, ಸುದ್ದಿಗಳು ಒಂದಕ್ಕೊಂದು ತಾಳೆಯಾಗದಂತೆ ಕಂಡದ್ದು ಅದಕ್ಕೇ.

ಅಯೋವಾ ಕೇಳಿದ ಪ್ರಶ್ನೆ

ಹಂದಿಗಳಲ್ಲಿ ಅಮೆರಿಕಕ್ಕೇ ಮೊದಲ ಸ್ಥಾನದ ಅಯೋವಾದಲ್ಲಿ ವಾದ ಬೇರೆ ಹಾದಿ ಹಿಡಿಯಿತು. ನನ್ನ ಮನೆಯ ಮೇಲೆ ನಿನ್ನ ವಾಸನೆ ಬಿಡುವ ಹಕ್ಕನ್ನು ಸರ್ಕಾರ ನಿನಗೆ ಕೊಟ್ಟರೆ, ನನ್ನ ಆಸ್ತಿಯ ಒಂದು ಭಾಗವನ್ನು ಕಿತ್ತು ನಿನಗೆ ಕೊಟ್ಟಂತೆಯೇ ಅಲ್ಲವೇ? ಆಸ್ತಿ ಕಿತ್ತುಕೊಂಡರೆ ಪರಿಹಾರ ಕೊಡಬೇಕು ಎನ್ನುತ್ತದೆ ಸಂವಿಧಾನ. 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನು ಒಪ್ಪಿ ರಕ್ಷಣೆಯ ಕಾನೂನನ್ನು ಹೊಡೆದುಹಾಕಿತು. 2004ರಲ್ಲಿ ಇನ್ನೊಂದು ಕಾನೂನಿಗೂ ಪೆಟ್ಟು ಕೊಟ್ಟಿತು. 2022ರಲ್ಲಿ ಅದೇ ಕೋರ್ಟು 2004ರ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಸಂವಿಧಾನದ ಅಕ್ಷರ ಬದಲಾಗಲಿಲ್ಲ, ಬೆಂಚಿನ ಮೇಲಿದ್ದವರು ಬದಲಾಗಿದ್ದರು.

ಫ್ರಾನ್ಸಿನ ಒಂದು ಷರತ್ತು

ಮೌರೀಸ್ ಹುಂಜದ ಪ್ರಕರಣದ ಬಳಿಕ ಫ್ರಾನ್ಸ್ 2021ರಲ್ಲಿ ಹಳ್ಳಿಯ ಸದ್ದು, ವಾಸನೆಗಳೂ ನಾಡಿನ ಪರಂಪರೆಯ ಭಾಗ ಎಂದು ಕಾನೂನಿನಲ್ಲಿ ಬರೆಯಿತು. ಓದಲು ಹಿತ, ಕೋರ್ಟಿನಲ್ಲಿ ಹೆಚ್ಚು ಉಪಯೋಗವಿಲ್ಲ. ಆರಂಭದಲ್ಲಿ ಹೇಳಿದ ದನಗಳ ರೈತನನ್ನು ಅದು ಉಳಿಸಲಿಲ್ಲ. ಆತ ಹಟ್ಟಿಯನ್ನು ವಿಸ್ತರಿಸಿದ್ದ ಎಂಬುದು ಆ ಜಗಳದ ಬೇರು.

2024ರ ಕಾನೂನಿಗೆ ಹಲ್ಲಿದೆ. ನೀನು ಮನೆ ಕೊಳ್ಳುವ ಮೊದಲೇ ಆ ಕೆಲಸ ನಡೆಯುತ್ತಿದ್ದು, ನಿಯಮಬದ್ಧವಾಗಿದ್ದರೆ ದೂರುವಂತಿಲ್ಲ. ಆದರೆ ಒಂದು ಷರತ್ತು: ಕೆಲಸ ಮೊದಲಿದ್ದ ರೀತಿಯಲ್ಲೇ ನಡೆದಿರಬೇಕು, ಅಥವಾ ಬದಲಾಗಿದ್ದರೂ ತೊಂದರೆ ಹೆಚ್ಚಿರಬಾರದು. ಉತ್ತರ ಕೆರೊಲಿನಾದ ಕಾನೂನಿನಲ್ಲಿ ಇಲ್ಲದಿರುವುದು ಇದೇ ಷರತ್ತು.

ಮನೆ ಪತ್ರದ ನಡುವೆ ಒಂದು ಹಾಳೆ

ರಾಜ್ಯಮಟ್ಟದ ಈ ಗದ್ದಲದ ಕೆಳಗೆ, ಊರು ಮತ್ತು ಕೌಂಟಿಗಳ ಮಟ್ಟದಲ್ಲಿ, ಸದ್ದಿಲ್ಲದೆ ಕೆಲಸ ಮಾಡುವ ಇನ್ನೊಂದು ಬಗೆಯ ನಿಯಮವಿದೆ. ಮಸಾಚುಸೆಟ್ಸ್‌ನ ನೂರಕ್ಕೂ ಹೆಚ್ಚು ಊರುಗಳು ತಮ್ಮದೇ ಬೇಸಾಯದ ಹಕ್ಕಿನ ಉಪನಿಯಮ ಮಾಡಿಕೊಂಡಿವೆ. ನ್ಯೂಯಾರ್ಕ್‌ನ ಕೃಷಿ ವಲಯಗಳಲ್ಲಿ ಜಾಗ ಕೊಳ್ಳುವವರಿಗೆ ಮೊದಲೇ ತಿಳಿಸಬೇಕು. ಇವು ದಾವೆಯನ್ನು ತಡೆಯುವುದಕ್ಕಿಂತ, ಮನೆ ಕೊಳ್ಳುವವನ ಕಿವಿಯಲ್ಲಿ ಮೊದಲೇ ಮಾತು ಹಾಕುತ್ತವೆ.

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡ ಕನ್ನಡಿಗರಲ್ಲಿ ಕೆಲವರಾದರೂ ಇಂಥ ಸೂಚನೆಯ ಹಾಳೆಗೆ ಓದದೆಯೇ ಸಹಿ ಹಾಕಿರುತ್ತಾರೆ. ಆಸ್ತಿಯ ಒಂದು ಮೈಲಿಯೊಳಗೆ ಕೃಷಿಭೂಮಿ ಇದ್ದರೆ ಮಾರುವವನು ಅದನ್ನು ತಿಳಿಸಬೇಕು. ಏನೇನು ಸಹಿಸಬೇಕಾಗಬಹುದು ಎಂದು ಹಾಳೆ ಪಟ್ಟಿ ಕೊಡುತ್ತದೆ: ಸದ್ದು, ವಾಸನೆ, ಹೊಗೆ, ದೂಳು, ದೀಪದ ಬೆಳಕು, ಕೀಟ, ಪಂಪಿನ ಓಡಾಟ, ವಿಮಾನದಿಂದ ಔಷಧ ಸಿಂಪಡಣೆ, ಗೊಬ್ಬರ ಕೂಡಿಡುವುದು, ಹರಡುವುದು. ಹಳ್ಳಿಯಲ್ಲಿ ಬೆಳೆದವರಿಗೆ ಇದೇನು ಬರೆದು ಕೊಡುವ ವಿಷಯವೇ ಎನಿಸಬಹುದು. ಅಪಾರ್ಟ್‌ಮೆಂಟಿನಿಂದ ನೇರ ಹೊಲದಂಚಿಗೆ ಬಂದವರಿಗೆ ಬರೆದೇ ಕೊಡಬೇಕು.

ಇದರಿಂದ ಆಗುವ ಮುಖ್ಯ ಕೆಲಸ ಬೆಲೆಯಲ್ಲಿ. ವಾಸನೆ ಬೇಡವಾದವನು ಕೊಳ್ಳುವುದಿಲ್ಲ. ಕೊಂಡವನು ಆ ಲೆಕ್ಕ ಹಾಕಿಯೇ ಚೌಕಾಸಿ ಮಾಡುತ್ತಾನೆ. ಸ್ಪರ್ ಪ್ರಕರಣದಲ್ಲಿ ಬಿಲ್ಡರ್ ಕೊನೆಗೆ ತೆತ್ತ ಖರ್ಚು ಇಲ್ಲಿ ಮೊದಲೇ ವ್ಯಾಪಾರದೊಳಗೆ ಬಂದುಬಿಡುತ್ತದೆ. ಕೊರತೆಯೂ ಇದೆ: ಹಾಳೆ ಇವತ್ತಿನ ಹೊಲವನ್ನು ಹೇಳುತ್ತದೆ, ಹತ್ತು ವರ್ಷದ ಮೇಲೆ ಅಲ್ಲಿ ಬರಬಹುದಾದ ಶೆಡ್ಡುಗಳನ್ನಲ್ಲ. ಡುಪ್ಲಿನ್‌ನವರಂತೆ ಮೊದಲೇ ಇದ್ದವರಿಗೆ ಇದರಿಂದ ಕಿಂಚಿತ್ತೂ ಉಪಯೋಗವಿಲ್ಲ. ಅವರು ಏನನ್ನೂ ಕೊಂಡಿರಲಿಲ್ಲವಲ್ಲ.

ನಮ್ಮ ಚಕ್ಕುಬಂದಿ

ಭಾರತದಲ್ಲಿ ಈ ಮಾದರಿಯ ‘ಬೇಸಾಯದ ಹಕ್ಕಿನ’ ಕಾನೂನಿಲ್ಲ. ಕೋಳಿ ಫಾರಂನಿಂದ ನೊಣ ಮುತ್ತುತ್ತಿವೆ, ಊಟದ ತಟ್ಟೆ ಮುಚ್ಚಿಟ್ಟು ಉಣ್ಣಬೇಕಾಗಿದೆ ಎಂದು ಊರಿನವರು ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಹೋಗುವುದು ನಮ್ಮಲ್ಲೂ ಇದ್ದದ್ದೇ. ಆಗ ಕೆಲಸಕ್ಕೆ ಬರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಹಳೆಯ ಸಿಆರ್‌ಪಿಸಿಯ 133. ಜನರ ಆರೋಗ್ಯಕ್ಕೋ ನೆಮ್ಮದಿಗೋ ಧಕ್ಕೆ ತರುವ ಕಸುಬನ್ನು ನಿಲ್ಲಿಸಲು, ಬೇರೆಡೆಗೆ ಒಯ್ಯಲು ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶಿಸಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಹೊಸ ಕೋಳಿ ಫಾರಂ ವಸತಿ ಪ್ರದೇಶದಿಂದ 500 ಮೀಟರ್ ದೂರವಿರಲಿ ಎನ್ನುತ್ತದೆ. ಫಾರಂ ಬಂದ ಮೇಲೆ ಬಡಾವಣೆಯೇ ಅದರತ್ತ 500 ಮೀಟರ್ ನಡೆದು ಬಂದರೆ ಏನು ಮಾಡಬೇಕೆಂಬುದಕ್ಕೆ ಈ ಅಳತೆಯಲ್ಲಿ ಉತ್ತರವಿಲ್ಲ. ಬೆಂಗಳೂರಿನ ಸುತ್ತ ನಡೆಯುತ್ತಿರುವುದು ಬಹುಪಾಲು ಅದೇ.

ವಿಚಿತ್ರವೆಂದರೆ, ಫ್ರಾನ್ಸ್ 2024ರಲ್ಲಿ ಕಂಡುಕೊಂಡ ಷರತ್ತಿನ ಹತ್ತಿರದ ಸಂಬಂಧಿ ನಮ್ಮ ಪುಸ್ತಕದಲ್ಲಿ 1882ರಿಂದ ಮಲಗಿದೆ. ಇನ್ನೊಬ್ಬರ ಜಮೀನಿನ ಮೇಲೆ ನೆರೆಯವನಿಗಿರುವ ಬಳಕೆಯ ಹಕ್ಕುಗಳನ್ನು ಹೇಳುವ ಭಾರತೀಯ ಈಸ್‌ಮೆಂಟ್ ಕಾಯ್ದೆಯ 28ನೇ ಕಲಂ ಪ್ರಕಾರ, ಬಹುಕಾಲದ ರೂಢಿಯಿಂದ ಗಾಳಿಯನ್ನೋ ನೀರನ್ನೋ ಕೆಡಿಸುವ ಹಕ್ಕು ಯಾರಿಗಾದರೂ ಬಂದಿದ್ದರೆ, ಆ ಹಕ್ಕಿನ ಅಳತೆ ರೂಢಿ ಶುರುವಾದಾಗ ಎಷ್ಟು ಕೆಡಿಸುತ್ತಿದ್ದನೋ ಅಷ್ಟೇ. ಆಮೇಲೆ ಬೆಳೆದದ್ದಕ್ಕೆ ಹಕ್ಕಿಲ್ಲ. ಗುತ್ತಿಗೆ ಕೋಳಿಯ ಶೆಡ್ಡುಗಳು ಒಂದರ ಪಕ್ಕ ಒಂದು ಏಳುತ್ತಿರುವ ತಾಲ್ಲೂಕುಗಳಲ್ಲಿ, ನಾಳೆ ಯಾರಾದರೂ ರೈತರ ಹೆಸರಿನಲ್ಲಿ ರಕ್ಷಣೆಯ ಕಾನೂನು ತರುತ್ತೇವೆಂದು ಹೊರಟರೆ, ಮೊದಲು ಹುಡುಕಬೇಕಾದದ್ದು ಈ ಸಾಲು ಅದರಲ್ಲಿ ಉಳಿದಿದೆಯೇ ಎಂದು.

ಹಾಳೆಯ ಮಾತು ಇನ್ನೂ ಸರಳ. ನಮ್ಮ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯದೆ ನೋಂದಣಿ ಆಗುವುದಿಲ್ಲ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಸೈಟ್ ನಂಬರ್ ಇಷ್ಟು, ದಕ್ಷಿಣಕ್ಕೆ ಹಳ್ಳ. ಪೂರ್ವದ ಜಮೀನು ಯಾರದೆಂದು ಅದು ಹೇಳುತ್ತದೆ. ಅಲ್ಲಿ ಇಪ್ಪತ್ತು ಸಾವಿರ ಕೋಳಿ ಇವೆಯೆಂದು ಹೇಳುವುದಿಲ್ಲ. ಸೈಟು ನೋಡಲು ಕರೆದೊಯ್ಯುವವರು ಗಾಳಿ ಆ ಕಡೆ ಬೀಸುವ ಹೊತ್ತು ನೋಡಿಯೇ ಕರೆದೊಯ್ಯುತ್ತಾರೆ.